ನಕ್ಷತ್ರ ಚಿಹ್ನೆ ಕಡತಗಳ ಹೆಸರಾಗದಂತೆ ತಡೆಯುವುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

(ರಾಯಚೂರಿನಿಂದ)
ಮಾನ್ಯರೇ,
ನಮ್ಮ ಕಂಪ್ಯೂಟರ್ ಪ್ರಯೋಗಾಲಯದ ಗೋಡೆಗೆ ಹಾಕುವ ಸೂಚನಾಫಲಕ ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕಾಗಿದ್ದು, ಒಂದು ಪದಕ್ಕಾಗಿ ಕೆಲಸ ನಿಂತಿದೆ. ಶೆಲ್ ಸ್ಕ್ರಿಪ್ಟಿನ (ಕಂಪ್ಯೂಟರಿಗೆ ಸಾಲಾಗಿ ಬರೆದಿಟ್ಟ ಆಜ್ಞೆಗಳ ಕಡತದ) ವೇರಿಯಬಲ್ ಒಂದರಲ್ಲಿ, ಅಂದರೆ ಮೌಲ್ಯವನ್ನಿಡುವ ಹೆಸರೊಂದರಲ್ಲಿ, ‘* ಗುರುತಿನ ಕಾಲಂ ಕಡ್ಡಾಯ’ ಎಂಬ ವಾಕ್ಯವನ್ನಿಟ್ಟು, ಅದನ್ನು ಉದ್ಧರಣ ಚಿಹ್ನೆಯಿಲ್ಲದೆ, ಕೊಟ್ಟದ್ದನ್ನು ಪರದೆಗೆ ಬರೆಯುವ ಎಕೋ ಆಜ್ಞೆಗೆ ಕೊಟ್ಟರೆ, ಪರದೆಯ ಮೇಲೆ ‘ಮಸ್ಕಿ ಮಾನ್ವಿ ಸಿಂಧನೂರು ಗುರುತಿನ ಕಾಲಂ ಕಡ್ಡಾಯ’ ಎಂದು ಮೂಡುತ್ತದೆ. ಆ ಫೋಲ್ಡರಿನಲ್ಲಿರುವ ಮೂರು ಕಡತಗಳ ಹೆಸರುಗಳವು. ವಾಕ್ಯವನ್ನು ಒಳಗಿಡುವಾಗ ನಕ್ಷತ್ರವು ನಕ್ಷತ್ರವಾಗಿಯೇ ಇರುತ್ತದೆ, ಹೊರತೆಗೆಯುವಾಗ ಮಾತ್ರ ಹೀಗಾಗುತ್ತದೆ. ಇದನ್ನು ತಡೆಯುವುದಕ್ಕೆ ‘ವಿಸ್ತರಣ ನಿರೋಧ’ ಎಂದು ಬರೆದಿದ್ದೆ. ಓದಿದವರು ಯಾವುದೋ ಬಡಾವಣೆಗೆ ಬಂದ ತಡೆಯಾಜ್ಞೆ ಎಂದುಕೊಂಡರು. ತಕ್ಕ ಪದ ತಿಳಿಸಬೇಕೆಂದು ಕೋರುತ್ತೇನೆ.

(ಬಳ್ಳಾರಿಯಿಂದ)
‘ವಿಸ್ತರಣ’ ಎಂಬುದೇ ತಪ್ಪು. ಒಂದರ ಸ್ಥಾನಕ್ಕೆ ಇನ್ನೊಂದು ಬಂದರೆ ಅದು ಆದೇಶ. ‘ಮಳೆ’ ಮತ್ತು ‘ಕಾಲ’ ಸೇರಿ ‘ಮಳೆಗಾಲ’ವಾದಾಗ ಕಕಾರವು ‘ವಿಸ್ತರಿಸಿತು’ ಎಂದು ಯಾರೂ ಹೇಳುವುದಿಲ್ಲ. ಆಗಬಹುದಾಗಿದ್ದ ಮಾರ್ಪಾಟು ಆಗದೆ, ‘ಅಣ್ಣಾ ಇತ್ತ ಬಾ’ ಎಂಬಲ್ಲಿಯ ಹಾಗೆ, ಇದ್ದದ್ದು ಇದ್ದಂತೆಯೇ ಉಳಿದರೆ ಅದಕ್ಕೆ ಪ್ರಕೃತಿಭಾವ ಎಂಬ ಹೆಸರು ನಮ್ಮ ವ್ಯಾಕರಣದಲ್ಲಿ ಆಗಲೇ ಇದೆ. ಮನೆಯಲ್ಲಿರುವುದನ್ನು ಬಿಟ್ಟು ಹೊಸದನ್ನು ಟಂಕಿಸುವ ಚಟ ಏಕೆಂದು ನನಗೆ ತಿಳಿಯದು.

(ಕೊಪ್ಪಳದಿಂದ)
ಪ್ರಕೃತಿಭಾವ ಇಲ್ಲಿ ಸಲ್ಲದು. ಒಂಟಿ ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ವೇರಿಯಬಲ್ಲಿನ ಹೆಸರೂ ಡಾಲರ್ ಚಿಹ್ನೆಯ ಸಮೇತ ಹಾಗೆಯೇ ಅಚ್ಚಾಗುತ್ತದೆ. ಬೇಕಿದ್ದರೆ ಅದನ್ನು ಪ್ರಕೃತಿಭಾವ ಎನ್ನಿ. ಜೋಡಿ ಚಿಹ್ನೆಯೊಳಗಾದರೆ ಹೆಸರಿನ ಜಾಗಕ್ಕೆ ಮೌಲ್ಯ ಬಂದೇ ಬರುತ್ತದೆ, ಅಂದರೆ ತಮ್ಮ ಆದೇಶ ಆಗಿಯೇ ಆಗುತ್ತದೆ. ಬಂದ ಮೌಲ್ಯವು ಪದಪದವಾಗಿ ಒಡೆಯುವುದು ಮತ್ತು ನಕ್ಷತ್ರವು ಕಡತಗಳ ಹೆಸರಾಗುವುದು ಇವೆರಡೇ ನಿಲ್ಲುತ್ತವೆ. ‘ಸೆಟ್ -ಎಫ್’ ಎಂಬ ಆಜ್ಞೆ ಕೊಟ್ಟರೆ ಎರಡನೆಯದು ಮಾತ್ರ ನಿಲ್ಲುತ್ತದೆ. ಅದಲ್ಲದೆ ‘ಆದೇಶ’ವನ್ನು ಹುಡುಗರು ಆಜ್ಞೆ ಎಂದೇ ಓದುತ್ತಾರೆ. ಮನೆಯದೆಂದು ತಾವು ತೋರಿಸಿದ ಎರಡೂ ಪದಗಳು ಸಂಸ್ಕೃತದ ಕಡವಾಗಿರುವಾಗ ನಕ್ಷತ್ರವು ಕಡತಗಳ ಹೆಸರಾಗುವುದಕ್ಕೆ ಇಂಗ್ಲಿಷಿನಲ್ಲಿರುವ ‘ಗ್ಲಾಬ್’ ಎಂಬುದರ ಮುಂದೆ ಮಾತ್ರ ಈ ಮಡಿ ಏಕೆ? ಆರಂಭದ ಯುನಿಕ್ಸಿನಲ್ಲಿ ಈ ಕೆಲಸಕ್ಕೆಂದೇ ಇದ್ದ ಪ್ರತ್ಯೇಕ ಪ್ರೋಗ್ರಾಮಿನ ಹೆಸರದು, ‘ಗ್ಲೋಬಲ್’ ಎಂಬುದರ ಬಾಲ ಕತ್ತರಿಸಿ ಮಾಡಿಕೊಂಡದ್ದು. ಫಲಕಕ್ಕೆ ಇಷ್ಟು ಸಾಕು: ‘ವೇರಿಯಬಲ್ಲನ್ನು ಜೋಡಿ ಉದ್ಧರಣ ಚಿಹ್ನೆಯೊಳಗೇ ಬರೆಯಿರಿ, ಇಲ್ಲವಾದರೆ ಗ್ಲಾಬ್ ಆಗುತ್ತದೆ, ನಕ್ಷತ್ರವಿದ್ದಲ್ಲಿ ಕಡತಗಳ ಹೆಸರು ಬಂದು ಕೂರುತ್ತದೆ.’

(ಬಳ್ಳಾರಿಯಿಂದ)
ಅವರು ಕೇಳಿದ್ದು ಪದ, ತಾವು ಕೊಟ್ಟದ್ದು ವಾಕ್ಯ.

(ರಾಯಚೂರಿನಿಂದ)
ವಾಕ್ಯವನ್ನೇ ಮುದ್ರಣಕ್ಕೆ ಕಳುಹಿಸಿದ್ದೇನೆ.