ಆರ್ಕಿಡ್‌ಗಳನ್ನು ಕಟ್ಟಿಗೆಗೆ ಕಟ್ಟುವುದು ಒಳ್ಳೆಯದೇ, ಕುಂಡವೇ ಒಳ್ಳೆಯದೇ?

ಪ್ರಶ್ನೆ (ಭಾಗಮಂಡಲದಿಂದ):
ಎಲ್ಲರಿಗೂ ನಮಸ್ಕಾರ. ನರ್ಸರಿಯಿಂದ ತಂದ ಡೆಂಡ್ರೋಬಿಯಂ, ಕ್ಯಾಟ್ಲಿಯಾ ಮತ್ತು ಫೆಲನಾಪ್ಸಿಸ್ ಗಿಡಗಳು ನಮ್ಮಲ್ಲಿ ತೆಂಗಿನ ಸಿಪ್ಪೆ ತುಂಬಿದ ಪ್ಲಾಸ್ಟಿಕ್ ಕುಂಡಗಳಲ್ಲಿವೆ. ಬೇಸಿಗೆಯಲ್ಲಿ ಚೆನ್ನಾಗಿಯೇ ಇರುವ ಇವುಗಳ ಬೇರು ಕಕ್ಕಡದ (ಜುಲೈ-ಆಗಸ್ಟ್‌ನ ಜಡಿಮಳೆಯ ತಿಂಗಳು) ಹೊತ್ತಿಗೆ ಕಂದುಬಣ್ಣಕ್ಕೆ ತಿರುಗುತ್ತದೆ. ಬೆರಳಿನಲ್ಲಿ ಹಿಡಿದೆಳೆದರೆ ಮೇಲಿನ ಸಿಪ್ಪೆ ಕಳಚಿ, ಒಳಗಿನ ನಾರಷ್ಟೇ ಉಳಿಯುತ್ತದೆ. ತೋಟದ ಮರಗಳ ಮೇಲೆ ತಾವಾಗಿಯೇ ಬೆಳೆದ ಸೀತಾಳೆ ದಂಡೆ ಎಂಬ ಕಾಡು ಆರ್ಕಿಡ್‌ಗಳು ಅದೇ ಮಳೆಯಲ್ಲಿ ನೆನೆದೂ ಹಸನಾಗಿವೆ. ಹಾಗಾಗಿ ಇವನ್ನೂ ಕಟ್ಟಿಗೆಗೆ ಕಟ್ಟಬಹುದೇ? ಕಿತ್ತು ಹಾಕಿದ ಹಳೆಯ ಕಾಫಿ ಬೊಡ್ಡೆಗಳು ಬೇಕಾದಷ್ಟಿವೆ.

ಉತ್ತರ 1 (ಮಡಿಕೇರಿಯಿಂದ):
ಧಾರಾಳವಾಗಿ ಕಟ್ಟಬಹುದು. ನಿಮ್ಮ ಬೇರುಗಳು ಕೊಳೆಯುತ್ತಿರುವುದು ಮಳೆ ಹೆಚ್ಚಾದುದರಿಂದ ಎನ್ನುವುದಕ್ಕಿಂತ ಗಾಳಿ ಕಡಿಮೆಯಾದುದರಿಂದ ಎನ್ನಬೇಕು. ಮರದ ಮೇಲೆ ಬೆಳೆಯುವ ಆರ್ಕಿಡ್‌ಗಳ ಬೇರಿಗೆ ವೆಲಮೆನ್ ಎಂಬ ಬಿಳಿಯ ಹೊದಿಕೆಯಿದ್ದು, ಅದು ನೀರನ್ನು ಬೇಗ ಹೀರಿ, ಬೇಗ ಒಣಗಬೇಕು. ಒದ್ದೆಯಾದಾಗ ಹಸಿರಾಗಿ, ಒಣಗಿದಾಗ ಬೆಳ್ಳಿಯ ಬಣ್ಣಕ್ಕೆ ಮರಳುವ ಬೇರನ್ನು ನೀವು ಸೀತಾಳೆ ದಂಡೆಯಲ್ಲಿ ಕಂಡಿರಬಹುದು. ವಾರಗಟ್ಟಲೆ ಬಿಸಿಲು ಕಾಣದ ನಮ್ಮ ಮಳೆಗಾಲದಲ್ಲಿ, ತೆಂಗಿನ ಸಿಪ್ಪೆ ತುಂಬಿದ ಪ್ಲಾಸ್ಟಿಕ್ ಕುಂಡದೊಳಗೆ ಈ ಒಣಗುವ ಕೆಲಸ ನಡೆಯುವುದೇ ಇಲ್ಲ.

ಹೊಸ ಬೇರಿನ ಹಸಿರು ಮೊನೆ ಕಾಣಿಸಿದಾಗ, ಸಾಧ್ಯವಾದರೆ ಮೇ ತಿಂಗಳಲ್ಲಿ, ಕಟ್ಟಿರಿ. ಹತ್ತಿಯ ದಾರದಿಂದ ಅಲುಗಾಡದಂತೆ ಬಿಗಿಯಬೇಕು. ಗಿಡ ಅಲುಗಾಡಿದರೆ ಮೊನೆ ಉಜ್ಜಿಹೋಗಿ ಬೇರು ತೊಗಟೆಯನ್ನು ಹಿಡಿಯುವುದಿಲ್ಲ. ತಾಮ್ರ ಆರ್ಕಿಡ್‌ಗೆ ಒಗ್ಗದು, ಹಾಗಾಗಿ ತಾಮ್ರದ ತಂತಿ ಬೇಡ. ಫೆಲನಾಪ್ಸಿಸ್ ಅನ್ನು ಎಲೆಗಳು ಕೆಳಮುಖವಾಗಿ ಬಾಗುವಂತೆ ಕಟ್ಟಿರಿ, ಇಲ್ಲವಾದರೆ ಸುಳಿಯಲ್ಲಿ ನೀರು ನಿಂತು ಗಿಡವೇ ಹೋಗುತ್ತದೆ.

ಉತ್ತರ 2 (ಕುಶಾಲನಗರದಿಂದ):
ಮೇಲಿನವರು ಹೇಳಿದ್ದು ಮಳೆಗಾಲಕ್ಕೆ ಸರಿ. ಆದರೆ ಜನವರಿಯಿಂದ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ) ಬರುವವರೆಗಿನ ಒಣಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಟ್ಟಿಗೆಯ ಮೇಲಿನ ಬೇರು ಕೆಲವೇ ಗಂಟೆಗಳಲ್ಲಿ ಒಣಗುವುದರಿಂದ ಆಗ ದಿನವೂ, ಬಿರುಬಿಸಿಲಿದ್ದರೆ ಎರಡು ಹೊತ್ತೂ ನೀರು ಚಿಮುಕಿಸಬೇಕಾಗುತ್ತದೆ. ಮನೆಗೆ ಬೀಗ ಹಾಕಿ ಊರಿಗೆ ಹೋಗುವವರಿಗೆ ಇದು ಆಗುವ ಮಾತಲ್ಲ. ನಮ್ಮ ಕಡೆ ಮಳೆಯೂ ಕಡಿಮೆ; ಹಾಗಾಗಿ ಬದಿಯಲ್ಲಿ ತೂತುಗಳಿರುವ ಮಣ್ಣಿನ ಕುಂಡಕ್ಕೆ ದಪ್ಪ ಇದ್ದಿಲು ಮತ್ತು ಇಟ್ಟಿಗೆ ಚೂರುಗಳನ್ನು ತುಂಬಿ ಬೆಳೆಸುವುದೇ ನನ್ನ ಮಟ್ಟಿಗೆ ಹೆಚ್ಚು ನೆಮ್ಮದಿಯ ದಾರಿ. ನೀವೂ ಫೆಲನಾಪ್ಸಿಸ್ ಅನ್ನು ಹೀಗೆಯೇ ಸೂರಿನಡಿ ಇರಿಸಿ, ಉಳಿದೆರಡನ್ನು ಮಾತ್ರ ಕಟ್ಟಿಗೆಗೆ ಕಟ್ಟಬಹುದು. ಕ್ಯಾಟ್ಲಿಯಾ ಮತ್ತು ಡೆಂಡ್ರೋಬಿಯಂಗಳು ದಪ್ಪ ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುತ್ತವೆ. ಫೆಲನಾಪ್ಸಿಸ್‌ಗೆ ಆ ಆಸರೆಯಿಲ್ಲ.

ಉತ್ತರ 3 (ಪೊನ್ನಂಪೇಟೆಯಿಂದ):
ಬೊಡ್ಡೆಗಳ ವಿಷಯದಲ್ಲಿ ಒಂದು ಮಾತು. ಅವು ಬಿಳಿ ಕಾಂಡಕೊರಕ ಹೊಡೆದು ಕಿತ್ತ ಅರೇಬಿಕಾ ಗಿಡಗಳಾಗಿದ್ದರೆ ದಯವಿಟ್ಟು ಮನೆಯ ಬಳಿ ತೂಗುಹಾಕಬೇಡಿ. ಒಳಗೆ ಹುಳು ಉಳಿದಿದ್ದರೆ ಅದು ದುಂಬಿಯಾಗಿ ಹೊರಬಂದು ಮತ್ತೆ ತೋಟಕ್ಕೇ ಹೋಗುತ್ತದೆ; ಅಂಥವನ್ನು ಸುಡುವುದೇ ಸರಿ. ರೋಬಸ್ಟಾ ಬೊಡ್ಡೆಗೆ ಈ ಕಾಟ ಇಲ್ಲವೆನ್ನುವಷ್ಟು ಕಡಿಮೆ, ಕಟ್ಟಿಗೆಯೂ ಗಟ್ಟಿ. ಇನ್ನು, ಕರಿಮೆಣಸಿಗೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಶಿಲೀಂಧ್ರನಾಶಕ) ಹೊಡೆಯುವ ದಿನ ಆರ್ಕಿಡ್‌ಗಳನ್ನು ದೂರವಿಡಿ. ಅದರಲ್ಲಿರುವ ಮೈಲುತುತ್ತವೂ ತಾಮ್ರವೇ, ಡೆಂಡ್ರೋಬಿಯಂಗಂತೂ ಅದು ಒಗ್ಗುವುದಿಲ್ಲ. ಬೊಡ್ಡೆಗೆ ಕಟ್ಟಿ ತೂಗುಹಾಕಿದ್ದರೆ ಕೊಕ್ಕೆಯಿಂದ ತೆಗೆದು ಒಳಗಿಡಬಹುದು. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್‌ಗೇ ನೇರವಾಗಿ ಕಟ್ಟಿದರೆ ಆ ಅನುಕೂಲ ಇರುವುದಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ನಮ್ಮಲ್ಲಿರುವುದು ಹೆಚ್ಚಿನವು ರೋಬಸ್ಟಾ ಬೊಡ್ಡೆಗಳೇ. ಕ್ಯಾಟ್ಲಿಯಾದಲ್ಲಿ ಈಗ ಹೊಸ ಬೇರು ಮೂಡುತ್ತಿರುವುದರಿಂದ ಅದನ್ನು ಮೊದಲು ಕಟ್ಟುತ್ತೇನೆ, ಫೆಲನಾಪ್ಸಿಸ್‌ಗೆ ಮಣ್ಣಿನ ಕುಂಡ ತರುತ್ತೇನೆ.