ಬೆಳಕಿನ ತೀವ್ರತೆಯೊಂದಿಗೆ ಸರಿಯುವ ಶಿಖರ: ಅದು ನಿಜವಾದ ದೋಷಮಟ್ಟವೇ?

ಪ್ರಶ್ನೆ: ಅರೆನಿರೋಧಕ ಗ್ಯಾಲಿಯಂ ಆರ್ಸೆನೈಡ್ ಹರಳಿನ ಮೇಲೆ ಬೆಳಕಿನ ಮಿಡಿತ ಹಾಯಿಸಿ, ಅದು ನಿಂತ ಮೇಲೆ ಪ್ರವಾಹ ಇಳಿಯುವ ರೀತಿಯನ್ನು ಬೇರೆ ಬೇರೆ ತಾಪಗಳಲ್ಲಿ ಅಳೆಯುತ್ತಿದ್ದೇನೆ. ಎರಡು ಗೊತ್ತಾದ ಕ್ಷಣಗಳ ನಡುವೆ ಪ್ರವಾಹ ಎಷ್ಟು ಇಳಿಯಿತೆಂಬುದನ್ನು ತಾಪದ ಎದುರು ಗುರುತಿಸಿದಾಗ 330 ಕೆಲ್ವಿನ್ ಸುಮಾರಿಗೆ ಕಾಣುವ ಶಿಖರ, ಬೆಳಕನ್ನು ತಗ್ಗಿಸಿದರೆ ಪಕ್ಕಕ್ಕೆ ಸರಿಯುತ್ತದೆ. ಇದನ್ನು ದೋಷಮಟ್ಟವೆಂದು, ಅಂದರೆ ಹರಳಿನ ದೋಷವೊಂದು ವಾಹಕಗಳನ್ನು ಹಿಡಿದಿಡುವ ಶಕ್ತಿಮಟ್ಟವೆಂದು, ನಂಬಬಹುದೇ? ಅಥವಾ ಧಾರಕತೆಯ ವಿಧಾನವನ್ನೇ ಬಳಸಬೇಕಿತ್ತೇ?

ಉತ್ತರ: ಎರಡನೆಯ ಪ್ರಶ್ನೆಗೆ ಉತ್ತರ ಸುಲಭ. 1974ರಲ್ಲಿ ಡಿ. ವಿ. ಲ್ಯಾಂಗ್ ಮುಂದಿಟ್ಟ ಡಿಎಲ್‌ಟಿಎಸ್ (ಡೀಪ್ ಲೆವೆಲ್ ಟ್ರಾನ್ಸಿಯೆಂಟ್ ಸ್ಪೆಕ್ಟ್ರಾಸ್ಕೋಪಿ) ವಿಧಾನವು ಸಂಧಿಯ ಧಾರಕತೆಯನ್ನು ಓದುತ್ತದೆ. ರೋಧಕತೆ 1 ಕೋಟಿ ಓಮ್-ಸೆಂಟಿಮೀಟರ್ ಮೀರಿದ ಹರಳಿನಲ್ಲಿ ಆ ಧಾರಕತೆ ಅಳತೆಯ ಆವರ್ತನಕ್ಕೆ ಸ್ಪಂದಿಸುವುದಿಲ್ಲ. ನೀವು ಹಿಡಿದ ದಾರಿಯೇ ಸರಿ.

ಶಿಖರದ ವಿಷಯಕ್ಕೆ ಬರೋಣ. ಬೆಳಕು ಬಿದ್ದಾಗ ಹುಟ್ಟುವ ಎಲೆಕ್ಟ್ರಾನ್ ಮತ್ತು ರಂಧ್ರಗಳು ದೋಷಮಟ್ಟಗಳನ್ನು ತುಂಬುತ್ತವೆ. ಬೆಳಕು ನಿಂತೊಡನೆ ಮುಕ್ತ ವಾಹಕಗಳು ಬೇಗನೆ ಕೂಡಿ ಇಲ್ಲವಾಗುತ್ತವೆ, ಆಮೇಲೆ ಉಳಿಯುವ ನಿಧಾನದ ಬಾಲವು ಉಷ್ಣದ ಬಲದಿಂದ ದೋಷಗಳನ್ನು ಬಿಟ್ಟು ಹೊರಬರುವ ವಾಹಕಗಳದ್ದು. ಈ ಬಿಡುಗಡೆಯ ದರವನ್ನು ನಿರ್ಧರಿಸುವುದು ತಾಪ, ಮಟ್ಟದ ಆಳ ಮತ್ತು ಸೆರೆಹಿಡಿಯುವ ಅಡ್ಡಕೊಯ್ತ (ದೋಷವು ವಾಹಕವನ್ನು ಎಷ್ಟು ಸುಲಭವಾಗಿ ಹಿಡಿಯುತ್ತದೆಂಬುದರ ಅಳತೆ). ಮೊದಲು ಎಷ್ಟು ಬೆಳಕು ಬಿದ್ದಿತ್ತೆಂಬುದಕ್ಕೆ ಅದರಲ್ಲಿ ಪಾತ್ರವಿಲ್ಲ. ಆದ್ದರಿಂದ ಶಿಖರ ಸರಿಯುತ್ತಿದ್ದರೆ ನನ್ನ ಮೊದಲ ಅನುಮಾನ ಅಪೂರ್ಣ ತುಂಬುವಿಕೆಯ ಮೇಲೆ: ತುಂಬುವಿಕೆಯೇ ತಾಪದೊಂದಿಗೆ ಬದಲಾಗುತ್ತಿದ್ದರೆ ಶಿಖರದ ಸ್ಥಾನ ಸುಳ್ಳು ಹೇಳುತ್ತದೆ. ಶಿಖರದ ಎತ್ತರ ಇನ್ನು ಏರದು ಎನ್ನುವವರೆಗೆ ತೀವ್ರತೆಯನ್ನೂ ಮಿಡಿತದ ಅವಧಿಯನ್ನೂ ಹೆಚ್ಚಿಸಿ, ಆದರೆ ಹರಳು ಕಾಯದಂತೆ ನೋಡಿಕೊಳ್ಳಿ. ಎತ್ತರ ನಿಂತ ಮೇಲೂ ಸ್ಥಾನ ಸರಿದರೆ ಎರಡು ಮಟ್ಟಗಳು ಒಂದರ ಮೇಲೊಂದು ಬಿದ್ದಿರಬಹುದು.

ಆಮೇಲೆ ದರದ ಕಿಟಕಿಯನ್ನು, ಅಂದರೆ ಆ ಎರಡು ಕ್ಷಣಗಳ ಆಯ್ಕೆಯಿಂದ ನಿಗದಿಯಾಗುವ ಬಿಡುಗಡೆಯ ದರವನ್ನು, ಬದಲಿಸಿ. ಅದು ಹತ್ತು ಪಟ್ಟು ಬದಲಾದರೆ, 0.75 ಎಲೆಕ್ಟ್ರಾನ್ ವೋಲ್ಟ್ ಆಳದ ಮಟ್ಟದ ಶಿಖರ ಈ ತಾಪದಲ್ಲಿ ಸುಮಾರು 25ರಿಂದ 30 ಕೆಲ್ವಿನ್ ಸರಿಯಲೇಬೇಕು. ದರದ ಲಾಗರಿದಮ್ಮನ್ನು ತಾಪದ ವಿಲೋಮದ ಎದುರು ಗುರುತಿಸಿ ಮಟ್ಟದ ಆಳವನ್ನು ಓದುವ ಅರೇನಿಯಸ್ ನಕ್ಷೆಯಲ್ಲಿ ದರವನ್ನು ತಾಪದ ವರ್ಗದಿಂದ ಭಾಗಿಸುವುದನ್ನು ಮರೆಯಬೇಡಿ. ಇದನ್ನು ಬಿಟ್ಟವರು ಆಳವನ್ನು ಹೆಚ್ಚಾಗಿ ಬರೆದುಕೊಳ್ಳುತ್ತಾರೆ.

ಮರುಪ್ರಶ್ನೆ: ಆ ದೋಷಮಟ್ಟ ಎಲೆಕ್ಟ್ರಾನನ್ನು ಹಿಡಿದಿಡುವ ಬೋನೋ ರಂಧ್ರವನ್ನು ಹಿಡಿದಿಡುವುದೋ? ಎಷ್ಟು ದೋಷಗಳಿವೆಯೆಂದು ಎತ್ತರದಿಂದ ಲೆಕ್ಕ ಹಾಕಬಹುದೇ?

ಉತ್ತರ: ಪ್ರವಾಹದ ಚಿಹ್ನೆಯಿಂದ ಅದು ತಿಳಿಯದು. ಮೇಲ್ಮೈಯಲ್ಲೇ ಹೀರಲ್ಪಡುವ ಬೆಳಕನ್ನು ಅರೆಪಾರಕ ಸಂಪರ್ಕದ ಮೂಲಕ ಹಾಯಿಸಿ, ಆ ಸಂಪರ್ಕಕ್ಕೆ ಋಣ ವೋಲ್ಟೇಜ್ ಕೊಟ್ಟರೆ ಹರಳಿನೊಳಕ್ಕೆ ಸಾಗುವವು ಎಲೆಕ್ಟ್ರಾನ್‌ಗಳು. ಧನ ಕೊಟ್ಟರೆ ರಂಧ್ರಗಳು. ಯಾವ ಧ್ರುವದಲ್ಲಿ ಶಿಖರ ಬಲಗೊಳ್ಳುವುದೋ ಅದೇ ಸುಳಿವು. ಎತ್ತರದಿಂದ ಸಾಂದ್ರತೆಯನ್ನು ಮಾತ್ರ ಬರೆಯಬೇಡಿ: ವಾಹಕಗಳ ಚಲನಶೀಲತೆ ಮತ್ತು ಆಯುಷ್ಯ ಎರಡೂ ಅದರಲ್ಲಿ ಬೆರೆತಿವೆ, ಎರಡೂ ತಾಪದೊಂದಿಗೆ ಬದಲಾಗುತ್ತವೆ.