47ಕ್ಕೆ ರಾಕ್ ಬ್ಯಾಂಡ್ ಸೇರಬಹುದಾ? ಅನುಭವ ಇರುವವರು ಹೇಳಿ

ಪ್ರಶ್ನೆ:
ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ ನನ್ನದು. ಕಾಲೇಜಿನಲ್ಲಿ ಗಿಟಾರ್ ನುಡಿಸುತ್ತಿದ್ದೆ. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ಬ್ಯಾಂಡ್ ನೋಡಿ ಬಂದ ರಾತ್ರಿ, ನಾಳೆಯಿಂದಲೇ ಮತ್ತೆ ಶುರು ಅಂದುಕೊಂಡಿದ್ದೆ. ಗಿಟಾರ್ ಇನ್ನೂ ಅಟ್ಟದ ಮೇಲೇ ಇದೆ! ಈಗ ನಮ್ಮ ಅಪಾರ್ಟ್‌ಮೆಂಟಿನ ಮೂವರು ಹುಡುಗರು, "ಅಂಕಲ್, ಬೇಸ್ ನುಡಿಸೋರು ಬೇಕು, ಬರ್ತೀರಾ?" ಎಂದು ಕೇಳಿದ್ದಾರೆ. ಎಲ್ಲರೂ ಮೂವತ್ತರ ಒಳಗಿನವರು. ನಾನು ಬೇಸ್ ಗಿಟಾರ್ ಮುಟ್ಟಿಯೇ ಇಲ್ಲ. ಈ ವಯಸ್ಸಿಗೆ ಬೆರಳು ಓಡುತ್ತಾ? ನಗೆಪಾಟಲಾಗುತ್ತೇನಾ?

ಬೇಸ್ ನುಡಿಸುವವರು, 54, ಮೈಸೂರು:
ಸರ್, ಅವರು ಕರೆದದ್ದು ನಿಮ್ಮ ಮೇಲಿನ ಪ್ರೀತಿಗಲ್ಲ. ಬೇಸ್‌ಗೆ ಯಾರೂ ಸಿಕ್ಕಿರುವುದಿಲ್ಲ. ಗಿಟಾರಿನವರು ಬೀದಿಗೆ ನಾಲ್ಕು ಜನ ಇರುತ್ತಾರೆ. ಸುಮ್ನೆ ಹೋಗಿ.

ನಾನು ಶುರು ಮಾಡಿದ್ದು 49ಕ್ಕೆ. ಬೇಸ್‌ನ ನಾಲ್ಕು ತಂತಿ ಎಂದರೆ ಗಿಟಾರಿನ ಮೇಲಿನ ದಪ್ಪ ತಂತಿಗಳೇ, ಇ, ಎ, ಡಿ, ಜಿ, ಒಂದು ಸ್ಥಾಯಿ ಕೆಳಗೆ. ಹಾಗಾಗಿ ಯಾವ ಸ್ವರ ಎಲ್ಲಿ ಅನ್ನುವುದು ನಿಮಗೆ ಗೊತ್ತೇ ಇದೆ. ಕಷ್ಟ ಇರುವುದು ಅಳತೆಯಲ್ಲಿ. ಮಾಮೂಲಿ ಬೇಸ್ 34 ಇಂಚಿನ ಸ್ಕೇಲ್, ಅಂದರೆ ಮಿಡಿಯುವ ತಂತಿಯ ಉದ್ದ. ಬೆರಳು ಚಾಚಿ ಚಾಚಿ ಮಣಿಕಟ್ಟು ಹಿಡಿದುಕೊಳ್ಳುತ್ತದೆ. 30 ಇಂಚಿನ ಶಾರ್ಟ್ ಸ್ಕೇಲ್ ಸಿಗುತ್ತದೆ, ನಾಚಿಕೆ ಬಿಟ್ಟು ಅದನ್ನೇ ತೆಗೆದುಕೊಳ್ಳಿ. ಬೆರಳ ತುದಿ ಕೆಲವು ವಾರ ಉರಿಯುತ್ತದೆ, ಆಮೇಲೆ ಜಡ್ಡುಗಟ್ಟುತ್ತದೆ. ದಿನಾ ಇಪ್ಪತ್ತು ನಿಮಿಷ ಸಾಕು. ಭಾನುವಾರ ಒಂದೇ ಸಲ ಮೂರು ಗಂಟೆ ಕೂತು ನೋಡಿದ್ದೇನೆ, ಸೋಮವಾರ ಕಾಫಿ ಲೋಟ ಎತ್ತಲು ಆಗಲಿಲ್ಲ.

ಮೊದಲ ದಿನದ ಕಥೆ ಹೇಳುತ್ತೇನೆ. ಬ್ಯಾಂಡ್‌ಗಳು ಅಭ್ಯಾಸ ಮಾಡುವ ನೆಲಮಾಳಿಗೆಯ ಜ್ಯಾಮ್ ರೂಮ್, ಗೋಡೆಗೆಲ್ಲ ಹಳೇ ಕಾರ್ಪೆಟ್, ಮುಗ್ಗಲು ವಾಸನೆ. ತಿಂಗಳಿಡೀ ಕಲಿತದ್ದನ್ನೆಲ್ಲ ನಾನು ಮೊದಲ ಹಾಡಿಗೇ ಸುರಿದೆ. ಡ್ರಮ್ಸ್ ಹುಡುಗ ಅರ್ಧಕ್ಕೇ ಕೈ ಎತ್ತಿ ನಿಲ್ಲಿಸಿದ. 26 ವರ್ಷ ಅವನಿಗೆ. "ಅಂಕಲ್, ನನ್ನ ಬಲಗಾಲು ನೋಡ್ತಾ ನುಡಿಸಿ" ಅಂದ. ಹವಾಯಿ ಚಪ್ಪಲಿ ಹಾಕಿದ ಕಾಲು, ಕಿಕ್ ಡ್ರಮ್ಮಿನ ಪೆಡಲ್ ಮೇಲೆ. ಅದು ಒತ್ತಿದಾಗ ಒಂದು ಸ್ವರ, ಉಳಿದಂತೆ ಸುಮ್ಮನಿರು. ಅಷ್ಟೇ ಮಾಡಿದೆ. ಎರಡನೇ ಸುತ್ತಿಗೆ ಗಿಟಾರಿನವನು ತಲೆಯಾಡಿಸತೊಡಗಿದ. ಐದು ವರ್ಷವಾಯಿತು, ಈಗಲೂ ನಾನು ನೋಡುವುದು ಆ ಚಪ್ಪಲಿಯನ್ನೇ.

ಹಾಡುವವರು, 49, ಹುಬ್ಬಳ್ಳಿ:
ನಾನು ಸುಗಮ ಸಂಗೀತ ಕಲಿತವಳು. ಕೂತು ಹಾರ್ಮೋನಿಯಂ ಜೊತೆ ಹಾಡಿ ಅಭ್ಯಾಸ. ಬ್ಯಾಂಡಿನಲ್ಲಿ ಮೊದಲ ದಿನ ನನ್ನ ದನಿ ನನಗೇ ಕೇಳಲಿಲ್ಲ, ಕಿರುಚಿದೆ, ಎರಡು ದಿನ ಗಂಟಲು ಬಂದ್. ಮಾನಿಟರ್ ಸ್ಪೀಕರ್ ಹಾಡುವವರ ಕಡೆಗೇ ತಿರುಗಿಸಿಡಬೇಕು ಅನ್ನುವುದು ಆಮೇಲೆ ತಿಳಿಯಿತು. ಇನ್ನೊಂದು, ವಯಸ್ಸಾದ ಹಾಗೆ ಶ್ರುತಿ ಇಳಿಯುತ್ತದೆ, ಒಪ್ಪಿಕೊಳ್ಳಿ. "ಒರಿಜಿನಲ್ ಇರೋದೇ ಆ ಕೀನಲ್ಲಿ ಆಂಟಿ" ಎಂದು ಗಿಟಾರ್ ಹುಡುಗ ಮುಖ ಸಿಂಡರಿಸಿದ. ತಂತಿಗಳನ್ನೆಲ್ಲ ಅರ್ಧ ಸ್ವರ ಇಳಿಸಿ ಕಟ್ಟಪ್ಪಾ, ನಿನ್ನ ಬೆರಳಿಗೂ ಹಗುರ ಎಂದೆ. ಈಗ ಅವನೇ ಮೊದಲು ಇಳಿಸಿಕೊಂಡು ಬರುತ್ತಾನೆ.

ಕಿವಿ ಕೆಡಿಸಿಕೊಂಡವರು, 58:
ಬೆರಳಿನ ಚಿಂತೆ ಬಿಡಿ, ಕಿವಿ ನೋಡಿಕೊಳ್ಳಿ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು ಎಂದು ಲೆಕ್ಕ. ಅಲ್ಲಿಂದ ಪ್ರತಿ 3 ಡೆಸಿಬಲ್‌ಗೆ ಆ ಹೊತ್ತು ಅರ್ಧವಾಗುತ್ತಾ ಹೋಗುತ್ತದೆ, 100ಕ್ಕೆ ಹೋದರೆ ಹದಿನೈದೇ ನಿಮಿಷ. ಸಣ್ಣ ರೂಮಿನಲ್ಲಿ ಡ್ರಮ್ಸ್ ಜೊತೆಗಿನ ತಟ್ಟೆ, ಸಿಂಬಲ್, ಅದರ ಪಕ್ಕ ನಿಂತರೆ 100 ದಾಟುವುದು ದೊಡ್ಡ ಮಾತಲ್ಲ. ಹತ್ತಿ ತುರುಕಿಕೊಂಡರೆ ಪ್ರಯೋಜನವಿಲ್ಲ. ಸಂಗೀತಗಾರರಿಗೆಂದೇ ಇಯರ್‌ಪ್ಲಗ್ ಬರುತ್ತವೆ, ಸ್ವರ ಕೆಡಿಸದೆ ಸದ್ದು ಮಾತ್ರ ತಗ್ಗಿಸುತ್ತವೆ. ನನಗೆ ರಾತ್ರಿ ಫ್ಯಾನ್ ಹಾಕದೆ ನಿದ್ದೆ ಬರುವುದಿಲ್ಲ. ಸೆಖೆಗಲ್ಲ, ಕಿವಿಯೊಳಗಿನ ಗುಂಯ್ ಕೇಳಿಸದಿರಲಿ ಅಂತ.

ಬ್ಯಾಂಡ್ ಬಿಟ್ಟವರು, 51:
ಎಲ್ಲರೂ ಹೋಗಿ ಹೋಗಿ ಅಂತಿದ್ದಾರೆ. ನಮ್ಮದು ಎಂಟೇ ತಿಂಗಳಿಗೆ ಒಡೆಯಿತು. ಸಂಗೀತಕ್ಕಲ್ಲ, ಜ್ಯಾಮ್ ರೂಮಿನ ಬಾಡಿಗೆಗೆ. ಗಂಟೆ ಲೆಕ್ಕದ ಬಾಡಿಗೆ, ಒಬ್ಬ ಬರದಿದ್ದರೂ ಕೊಡಬೇಕು. ನಾನು ದೊಡ್ಡವನು, ಸಂಬಳ ಜಾಸ್ತಿ ಅಂತ ಪ್ರತಿ ಸಲ ನಾನೇ ಕೊಟ್ಟೆ. ಕೊಡುವವನು ಯಜಮಾನ ಆಗಿಬಿಡುತ್ತಾನೆ ನೋಡಿ, ಹಾಡು ಆರಿಸುವುದೂ ನಾನೇ ಆದೆ. ಹುಡುಗರು ಒಬ್ಬೊಬ್ಬರೇ ಜಾರಿಕೊಂಡರು. ಮೊದಲ ದಿನವೇ ಸಮಪಾಲು ಮಾಡಿಕೊಳ್ಳಿ. ಹೆಸರಿಗೂ ನಾವು ಒಂದು ತಿಂಗಳು ಕಿತ್ತಾಡಿದ್ದೆವು, ಅದು ಬೇಡ. 1996ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ಬ್ಯಾಂಡ್‌ಗೆ ಆ ಹೆಸರು ಬಂದದ್ದು, ಆಗ ಇದ್ದವರಲ್ಲಿ ಮೂರೂಕಾಲು ಜನ, ಅಂದರೆ 'ಥ್ರೀ ಮಲ್' ಮತ್ತು ಕಾಲು, ಮಲಯಾಳಿಗಳು ಅನ್ನುವ ತಮಾಷೆಯಿಂದ!

ಇನ್ನೊಬ್ಬರು:
ಮನೆಯಲ್ಲಿ ಹೇಳಿದ್ದೀರಾ, ಅದು ಹೇಳಿ ಮೊದಲು.

ಪ್ರಶ್ನೆ ಕೇಳಿದವರು, ಎರಡು ವಾರದ ನಂತರ:
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಹೋಗಿದ್ದೆ. ಬೇಸ್ ಇನ್ನೂ ಕೊಂಡಿಲ್ಲ, ರೂಮಿನದ್ದೇ ಬಾಡಿಗೆಗೆ ಇತ್ತು. ಮೈಸೂರಿನ ಸರ್ ಹೇಳಿದ ಹಾಗೆ ಕಾಲೇ ನೋಡುತ್ತಿದ್ದೆ. ನಮ್ಮ ಹುಡುಗ ಶೂ ಹಾಕುತ್ತಾನೆ, ಕಾಣುವುದು ಸ್ವಲ್ಪ ಕಷ್ಟ. ಎರಡು ಹಾಡಿನಲ್ಲಿ ದಾರಿ ತಪ್ಪಿದೆ, ಮೂರನೆಯದು ಕೊನೆವರೆಗೂ ಹೋಯಿತು. ಬಾಡಿಗೆ ನಾಲ್ಕು ಪಾಲು. ಮನೆಯಲ್ಲಿ ಹೆಂಡತಿ, "ಹತ್ತು ಗಂಟೆಗೆ ಹೋಗೋದಾದ್ರೆ ತರಕಾರಿ ತಂದಿಟ್ಟು ಹೋಗಿ" ಅಂದಳು, ಅಷ್ಟೇ. ಇಯರ್‌ಪ್ಲಗ್ ಎರಡು ಜೊತೆ ತರಿಸಿದ್ದೇನೆ. ಮುಂದಿನ ವಾರ ಮಗಳೂ ಬರುತ್ತಾಳಂತೆ, ಅಪ್ಪ ತಪ್ಪುವುದನ್ನು ನೋಡಲು.